ಮರೆತಿದ್ದಲ್ಲ, ನೋಡೇ ಇರ್ಲಿಲ್ಲ: ಕಣ್ಣು, ಗಮನ, ನೆನಪು ಮೂರನ್ನೂ ಒಂದು ದಾರಿಗೆ ತರೋದು ಹೇಗೆ

ಕನ್ನಡಕ ಎಲ್ಲಿಟ್ಟೆ ಅಂತ ಅರ್ಧ ಗಂಟೆ ಮನೆಯೆಲ್ಲಾ ಜಾಲಾಡಿ, ಎದುರಿಗೆ ಸಿಕ್ಕವರ ಮೇಲೆಲ್ಲಾ ರೇಗಿ, ಕೊನೆಗೆ ಅದು ಕಣ್ಣೆದುರಿಗಿನ ಟೇಬಲ್ ಮೇಲೇ ಸಿಕ್ಕಾಗ ನಾವೆಲ್ಲಾ ಹೇಳೋ ಮಾತು ಒಂದೇ, "ನನ್ನ ಮೆಮೊರಿ ಹಾಳಾಗೋಯ್ತು". ನಾನೂ ಹಾಗೇ ಅಂದ್ಕೊಂಡು ನೆನಪಿನ ಶಕ್ತಿ ಹೆಚ್ಚಿಸ್ತೀವಿ ಅನ್ನೋ ಒಂದು ಆಪ್ ಇನ್‌ಸ್ಟಾಲ್ ಮಾಡಿ ಎರಡು ವಾರ ಆಡಿದ್ದೆ, ಆಟದಲ್ಲಿ ಸ್ಕೋರ್ ಏರ್ತಾ ಹೋಯ್ತೇ ಹೊರತು ಕನ್ನಡಕ ಹುಡುಕೋದೇನೂ ನಿಲ್ಲಲಿಲ್ಲ. ಆಮೇಲೆ ಈ ವಿಷಯ ಓದ್ತಾ ಹೋದಂಗೆ ಗೊತ್ತಾಗಿದ್ದು ಏನಂದ್ರೆ ನಾವು "ಮರೆತೆ" ಅನ್ನೋದ್ರಲ್ಲಿ ಎಷ್ಟೋ ಸಲ ಮರೆವು ಅನ್ನೋದೇ ಇರಲ್ಲ, ವಿಷಯ ಒಳಗೆ ಹೋಗೇ ಇರಲ್ಲ. ಪೆಟ್ಟಿಗೆಗೆ ಹಾಕದೇ ಇರೋದನ್ನ ಪೆಟ್ಟಿಗೆ ತೆಗೆದು ಹುಡುಕಿದ್ರೆ ಹೇಗೆ ಸಿಗುತ್ತೆ ಹೇಳಿ.

ಹಾಗಾಗಿ ಇಲ್ಲಿ ಮಂತ್ರ ಗಿಂತ್ರ ಏನೂ ಇಲ್ಲ. ಕಣ್ಣು ಎಲ್ಲಿ ಬೀಳುತ್ತೆ, ಗಮನ ಎಲ್ಲಿರುತ್ತೆ, ಮೆದುಳು ಯಾವ ವಯಸ್ಸಲ್ಲಿದೆ, ಈ ಮೂರನ್ನ ಇಟ್ಕೊಂಡು ದಿನಾ ಮಾಡಬಹುದಾದ ಕೆಲಸಗಳನ್ನ ಒಂದೊಂದಾಗಿ ಹೇಳ್ತೀನಿ. ಮೊದಲನೇದನ್ನ ಸುಮ್ನೆ ಓದಿ ಮುಂದೆ ಹೋಗ್ಬೇಡಿ, ಕೂತಲ್ಲೇ ಮಾಡಿ ನೋಡಿ, ಇಲ್ಲಾಂದ್ರೆ ಮಿಕ್ಕಿದ್ದು ನಂಬೋದು ಕಷ್ಟ.

1. ನಿಮ್ಮ ಕಣ್ಣಿಗೆ ನಿಜವಾಗ್ಲೂ ಎಷ್ಟು ಕಾಣುತ್ತೆ ಅಂತ ನೋಡ್ಕೊಳ್ಳಿ

ಕೈ ಪೂರ್ತಿ ಮುಂದಕ್ಕೆ ಚಾಚಿ ಹೆಬ್ಬೆರಳು ಎತ್ತಿ ಹಿಡೀರಿ, ಉಗುರನ್ನೇ ದಿಟ್ಟಿಸಿ. ಒಂದು ಕ್ಷಣದಲ್ಲಿ ನಿಮಗೆ ಅಕ್ಷರ ಓದೋವಷ್ಟು ಸ್ಪಷ್ಟವಾಗಿ ಕಾಣೋದು ಹೆಚ್ಚುಕಮ್ಮಿ ಆ ಉಗುರಿನಷ್ಟು ಜಾಗ ಮಾತ್ರ, ಅಳತೆಯಲ್ಲಿ ಹೇಳೋದಾದ್ರೆ ಸುಮಾರು 2 ಡಿಗ್ರಿ. ಕಣ್ಣಿನ ಹಿಂದಿನ ಪದರದಲ್ಲಿ ಫೋವಿಯಾ ಅನ್ನೋ ಸಣ್ಣ ಗುಳಿ ಇದೆ, ಬಣ್ಣ ಮತ್ತು ಸೂಕ್ಷ್ಮ ವಿವರ ಗ್ರಹಿಸೋ ಕೋಶಗಳು ಒತ್ತೊತ್ತಾಗಿ ಇರೋದು ಅಲ್ಲೇ, ಅದರಿಂದ ಆಚೆ ಹೋದಂಗೆ ವಿರಳ ಆಗ್ತಾ ಹೋಗುತ್ತೆ. ನಂಬಿಕೆ ಬರ್ತಿಲ್ವಾ? ಈ ಸಾಲಿನ ಯಾವ್ದಾದ್ರೂ ಒಂದು ಪದದ ಮೇಲೆ ಕಣ್ಣಿಟ್ಟು, ಕದಲಿಸದೇ, ನಾಲ್ಕು ಸಾಲು ಕೆಳಗಿರೋ ಪದ ಓದೋಕೆ ಟ್ರೈ ಮಾಡಿ. ಅಲ್ಲೇನೋ ಬರೆದಿದೆ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ.

ಹಾಗಿದ್ರೂ ಇಡೀ ರೂಮು ಒಟ್ಟಿಗೇ ಕಾಣ್ತಿದೆ ಅನ್ಸುತ್ತಲ್ಲ, ಅದಕ್ಕೆ ಕಾರಣ ಕಣ್ಣು ಒಂದು ಕಡೆ ಸುಮ್ನೆ ಇರದೇ ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗೀತಾ ಇರೋದು. ಈ ಜಿಗಿತಕ್ಕೆ ಸಕೇಡ್ ಅಂತಾರೆ. ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣು ನೋಡಿ, ಆಮೇಲೆ ಬಲಗಣ್ಣು, ಮತ್ತೆ ಎಡಗಣ್ಣು. ಕಣ್ಣುಗುಡ್ಡೆ ಸರಿದಿದ್ದು ನಿಮಗೆ ಒಂದು ಸಲನೂ ಕಾಣಲ್ಲ! ಪಕ್ಕದಲ್ಲಿ ನಿಂತವರಿಗೆ ಮಾತ್ರ ಚೆನ್ನಾಗಿ ಕಾಣುತ್ತೆ. ಯಾಕಂದ್ರೆ ಜಿಗಿತದ ಹೊತ್ತಲ್ಲಿ ಬರೋ ಮಸುಕು ಚಿತ್ರವನ್ನ ಮೆದುಳು ಹತ್ತಿಕ್ಕಿ, ನಿಂತಾಗ ಸಿಕ್ಕ ತುಣುಕುಗಳನ್ನ ಮಾತ್ರ ಹೊಲಿದು ನಿಮಗೆ ತೋರಿಸುತ್ತೆ. ಅಂದ್ರೆ ನಾವು "ನೋಡಿದೆ" ಅನ್ನೋದು ವಿಡಿಯೋ ರೆಕಾರ್ಡಿಂಗ್ ಅಲ್ಲ, ಅಲ್ಲಲ್ಲಿ ತೆಗೆದ ಪುಟ್ಟ ಪುಟ್ಟ ಚೂರುಗಳು, ಮಧ್ಯದ್ದನ್ನ ಮೆದುಳೇ ಅಂದಾಜಲ್ಲಿ ತುಂಬಿರೋದು. ನೆನಪು ಶುರುವಾಗೋದೇ ಈ ಚೂರುಗಳಿಂದ.

ಇನ್ನು ಇದರ ಮುಂದಿನ ವಿಷಯ ಇನ್ನೂ ಮಜವಾಗಿದೆ. ಕಣ್ಣು ಬಿದ್ದ ಮಾತ್ರಕ್ಕೆ ನೆನಪಾಗುತ್ತೆ ಅಂತಲೂ ಇಲ್ಲ. 1999ರಲ್ಲಿ ಸೈಮನ್ಸ್ ಮತ್ತು ಶಬ್ರಿ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ರು, ಬಾಲ್ ಪಾಸ್ ಮಾಡ್ತಿರೋ ಜನರ ವಿಡಿಯೋ ತೋರಿಸಿ ಬಿಳಿ ಬಟ್ಟೆಯವರು ಎಷ್ಟು ಸಲ ಪಾಸ್ ಮಾಡಿದ್ರು ಎಣಿಸಿ ಅಂದ್ರು, ಮಧ್ಯದಲ್ಲಿ ಗೊರಿಲ್ಲಾ ವೇಷ ಹಾಕಿದವರು ಬಂದು ಎದೆ ಬಡ್ಕೊಂಡು ಹೋದ್ರೂ ಸುಮಾರು ಅರ್ಧದಷ್ಟು ಜನ ಗೊರಿಲ್ಲಾನಾ, ಎಲ್ಲಿ, ಅಂದ್ರು. ಕೆಲವು ವರ್ಷ ಆದ್ಮೇಲೆ ಕಣ್ಣಿನ ಚಲನೆ ಅಳೆಯೋ ಯಂತ್ರ ಇಟ್ಟು ಇದನ್ನೇ ಮಾಡಿದಾಗ ಗೊರಿಲ್ಲಾ ಕಾಣಲೇ ಇಲ್ಲ ಅಂದವರ ಕಣ್ಣು ಕೂಡ ಸುಮಾರು ಒಂದು ಸೆಕೆಂಡ್ ಅದರ ಮೇಲೇ ನಿಂತಿತ್ತು ಅಂತ ಗೊತ್ತಾಯ್ತು. ಟೇಬಲ್ ಮೇಲಿನ ಕನ್ನಡಕದ ಕಥೆನೂ ಇದೇ.

2. ಒಂದು ವಾರ "ಮರೆವಿನ ಡೈರಿ" ಬರೀರಿ

ಇದು ಬೋರಿಂಗ್ ಕೆಲಸ, ಒಪ್ಕೋತೀನಿ, ಆದ್ರೆ ಇದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಮಾಡಿದ್ರೆ ಕಾಯಿಲೆ ಯಾವ್ದು ಅಂತ ಗೊತ್ತಿಲ್ಲದೇ ಔಷಧಿ ತಗೊಂಡಂಗೆ. ಫೋನಲ್ಲೋ ಪೇಪರಲ್ಲೋ, ಏನಾದ್ರೂ ಮರೆತಾಗೆಲ್ಲಾ ಎರಡು ಸಾಲು ಬರೀರಿ. ಒಂದು, ಏನು ಮರೆತೆ. ಎರಡು, ಆ ವಿಷಯ ಮೊದಲ ಸಲ ಕಿವಿಗೋ ಕಣ್ಣಿಗೋ ಬಿದ್ದಾಗ ನಾನು ಇನ್ನೇನು ಮಾಡ್ತಿದ್ದೆ.

ಆಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ. ಯಾರಾದ್ರೂ ಸುಳಿವು ಕೊಟ್ಟ ತಕ್ಷಣ "ಹಾಂ ಹಾಂ ಹೌದು" ಅಂತ ಪೂರ್ತಿ ನೆನಪಾದ್ರೆ ವಿಷಯ ಒಳಗಿದೆ, ತೆಗೆಯೋಕೆ ದಾರಿ ಸಿಕ್ಕಿರ್ಲಿಲ್ಲ ಅಷ್ಟೇ, ಅದಕ್ಕೆ ಮುಂದೆ 6ನೇದು ನೋಡಿ. ಸುಳಿವು ಕೊಟ್ರೂ "ನೀವು ನನಗೆ ಹೇಳೇ ಇಲ್ಲ" ಅಂತ ಜಗಳ ಆಡೋ ಹಾಗಾದ್ರೆ ಅದು ಒಳಗೆ ಹೋಗೇ ಇಲ್ಲ, ಗಮನದ ಸಮಸ್ಯೆ. ನನ್ನ ಡೈರಿಯಲ್ಲಿ ಎರಡನೇ ಸಾಲಲ್ಲಿ ಮತ್ತೆ ಮತ್ತೆ ಬಂದಿದ್ದು ಒಂದೇ ಪದ, ಫೋನ್.

1996ರಲ್ಲಿ ಫರ್ಗಸ್ ಕ್ರೇಕ್ ಮತ್ತು ಅವರ ಜೊತೆಯವರು ಇದನ್ನೇ ಅಳೆದು ನೋಡಿದ್ರು. ಪದಗಳನ್ನ ಕಲಿಯೋ ಹೊತ್ತಲ್ಲಿ ಇನ್ನೊಂದು ಕೆಲಸ ಕೊಟ್ರೆ ನೆನಪು ಜೋರಾಗಿ ಕುಸೀತು, ಆದ್ರೆ ಕಲಿತಾದ್ಮೇಲೆ ನೆನಪು ಮಾಡ್ಕೊಳ್ಳೋ ಹೊತ್ತಲ್ಲಿ ಅದೇ ಕೆಲಸ ಕೊಟ್ರೆ ಅಷ್ಟೇನೂ ಕುಸೀಲಿಲ್ಲ. ಅಂದ್ರೆ ನಿಮ್ಮ ಗಮನ ಸ್ವಲ್ಪವೇ ಇದ್ರೆ ಅದನ್ನ ಒಳಗೆ ಹಾಕೋ ಹೊತ್ತಿಗೆ ಖರ್ಚು ಮಾಡಿ. ಯಾರೋ ಮುಖ್ಯವಾದ್ದು ಹೇಳ್ತಿದ್ದಾರೆ ಅಂದ್ರೆ ಆ ಇಪ್ಪತ್ತು ಸೆಕೆಂಡ್ ಫೋನ್ ಮಗುಚಿ ಇಡಿ, ಅವರ ಕಡೆ ತಿರುಗಿ. ಇಪ್ಪತ್ತು ಸೆಕೆಂಡ್ ಸಾಕು, ಇಡೀ ದಿನ ಸನ್ಯಾಸಿ ಆಗ್ಬೇಕಿಲ್ಲ.

3. ನೋಡೋ ಮೊದ್ಲು ಒಂದು ಪ್ರಶ್ನೆ ಕೇಳ್ಕೊಳ್ಳಿ

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದು. ಆಲ್ಫ್ರೆಡ್ ಯಾರ್ಬುಸ್ ಅಂತ ರಷ್ಯಾದ ವಿಜ್ಞಾನಿ ಒಬ್ಬರಿದ್ರು, ಕಣ್ಣಿಗೆ ಪುಟ್ಟ ಸಕ್ಷನ್ ಕಪ್ ಥರದ ಸಾಧನ ಅಂಟಿಸಿ ನೋಟದ ದಾರಿಯನ್ನ ಗೆರೆ ಗೆರೆಯಾಗಿ ದಾಖಲು ಮಾಡ್ತಿದ್ರು (ಓದಿದ್ರೇ ಕಣ್ಣು ಉರಿಯುತ್ತೆ, ಗೊತ್ತು). ರೆಪಿನ್ ಅನ್ನೋ ಚಿತ್ರಕಾರ ಬರೆದ ಒಂದು ಪೇಂಟಿಂಗ್ ಇದೆ, ಬಹಳ ದಿನ ಆದ್ಮೇಲೆ ಒಬ್ಬ ಮನುಷ್ಯ ಹೇಳದೇ ಕೇಳದೇ ಮನೆಗೆ ಬಂದು ನಿಂತಿರೋ ದೃಶ್ಯ. ಯಾರ್ಬುಸ್ ಅದೇ ಚಿತ್ರವನ್ನ ಅದೇ ವ್ಯಕ್ತಿಗೆ ಬೇರೆ ಬೇರೆ ಪ್ರಶ್ನೆ ಕೊಟ್ಟು ತೋರಿಸಿದ್ರು. ಇವರ ವಯಸ್ಸೆಷ್ಟು ಅಂದಾಗ ಕಣ್ಣು ಮುಖದಿಂದ ಮುಖಕ್ಕೆ ಓಡಾಡ್ತು, ಇವರು ಎಷ್ಟು ಅನುಕೂಲಸ್ಥರು ಅಂದಾಗ ಬಟ್ಟೆ, ಪೀಠೋಪಕರಣದ ಕಡೆ ಹೋಯ್ತು, ವಸ್ತುಗಳು ಎಲ್ಲೆಲ್ಲಿವೆ ನೆನಪಿಡಿ ಅಂದಾಗ ರೂಮಿನ ಮೂಲೆ ಮೂಲೆಗೂ ಹೋಯ್ತು. ಚಿತ್ರ ಒಂದೇ, ಕಣ್ಣೂ ಅದೇ, ಪ್ರಶ್ನೆ ಬದಲಾಗಿದ್ದಕ್ಕೆ ಗೆರೆಗಳ ನಕ್ಷೆನೇ ಬೇರೆ. 1967ರಲ್ಲಿ ಅವರ ಕೆಲಸ ಇಂಗ್ಲಿಷಿಗೆ ಬಂದ್ಮೇಲೆ ಜಗತ್ತಿನ ಎಲ್ಲಾ ಕಡೆ ಈ ಗೆರೆಚಿತ್ರಗಳು ಹೆಸರಾದ್ವು.

ಇದನ್ನ ಬಳಸೋದು ಸುಲಭ. ಹೊಸ ಕಟ್ಟಡದೊಳಗೆ ಕಾಲಿಡೋ ಮೊದ್ಲು "ವಾಪಸ್ ಬರುವಾಗ ನಾನು ಯಾವ ಗುರುತು ಹುಡುಕಬೇಕು" ಅಂತ ಕೇಳ್ಕೊಂಡು ಒಂದು ಸಲ ಹಿಂದಕ್ಕೆ ತಿರುಗಿ ನೋಡಿ, ವಾಪಸ್ ಬರುವಾಗ ದಾರಿ ಕಾಣೋದು ಆ ಕಡೆಯಿಂದ ತಾನೇ. ಗಾಡಿ ಪಾರ್ಕ್ ಮಾಡಿ ಇಳಿದಾಗ "ಕಂಬದ ಮೇಲೆ ಏನು ನಂಬರ್". ಮೀಟಿಂಗಿಗೆ ಹೋಗೋ ಮೊದ್ಲು "ಇದ್ರಿಂದ ನನಗೆ ಬೇಕಾಗಿರೋ ಎರಡು ಉತ್ತರ ಏನು". ಪ್ರಶ್ನೆ ಇದ್ರೆ ಕಣ್ಣು ತಾನಾಗೇ ಸರಿಯಾದ ಜಾಗಕ್ಕೆ ಹೋಗುತ್ತೆ, ನೀವು ಅದನ್ನ ಎಳ್ಕೊಂಡು ಹೋಗ್ಬೇಕಿಲ್ಲ.

ಪ್ರಶ್ನೆ ಇಲ್ದೇ ಸಾವಿರ ಸಲ ನೋಡಿದ್ರೂ ಪ್ರಯೋಜನ ಇಲ್ಲ ಅನ್ನೋದಕ್ಕೆ ನಾಣ್ಯದ ಪ್ರಯೋಗ ಇದೆ. 1979ರಲ್ಲಿ ನಿಕರ್ಸನ್ ಮತ್ತು ಆಡಮ್ಸ್ ಅಮೆರಿಕದ ಜನಕ್ಕೆ ಅವರ ಒಂದು ಸೆಂಟಿನ ನಾಣ್ಯವನ್ನ ನೆನಪಿಂದ ಬರೀರಿ ಅಂದ್ರೆ ಬಹಳಷ್ಟು ಜನಕ್ಕೆ ಸರಿಯಾಗಿ ಬರೆಯೋಕಾಗಲಿಲ್ಲ, ಮುಖ ಯಾವ ಕಡೆ ತಿರುಗಿದೆ ಅನ್ನೋದೂ ತಪ್ಪಿತು. ನೀವು ನಿಮ್ಮ ಫೋನಿನ ಹೋಮ್ ಸ್ಕ್ರೀನ್ ಮೇಲಿರೋ ಐಕಾನ್‌ಗಳನ್ನ ಪೇಪರ್ ಮೇಲೆ ಜಾಗ ಸಮೇತ ಬರೆದು ನೋಡಿ.

4. ವಸ್ತು ಇಡುವಾಗ ನೋಡಿ, ಬಾಯಲ್ಲಿ ಹೇಳಿ

ಕೀ, ಪರ್ಸು, ಕನ್ನಡಕ, ಚಾರ್ಜರ್. ಇಟ್ಟು ಕೈ ಬಿಡೋ ಮೊದ್ಲು ಒಂದು ಸೆಕೆಂಡ್ ಅದನ್ನೇ ನೋಡಿ, ಪಕ್ಕದಲ್ಲಿ ಏನಿದೆ ಅದನ್ನೂ ನೋಡಿ, "ಕನ್ನಡಕ ಟಿವಿ ಪಕ್ಕ" ಅಂತ ಗಟ್ಟಿಯಾಗಿ ಹೇಳಿ. ಹುಚ್ಚು ಅನ್ಸುತ್ತೆ, ಅನ್ಸಲಿ. ಮನಸ್ಸಲ್ಲೇ ಓದಿದ್ದಕ್ಕಿಂತ ಬಾಯಿ ಬಿಟ್ಟು ಹೇಳಿದ್ದು ಚೆನ್ನಾಗಿ ಉಳಿಯುತ್ತೆ ಅಂತ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಗ್ಯಾಸ್ ಆಫ್ ಮಾಡಿದ್ನಾ, ಬಾಗಿಲು ಲಾಕ್ ಮಾಡಿದ್ನಾ ಅನ್ನೋ ಅನುಮಾನದವರಿಗೂ ಇದೇ ಮದ್ದು, ದಿನಾ ಒಂದೇ ಥರ ಮಾಡೋ ಕೆಲಸ ಒಂದರ ಮೇಲೊಂದು ಕಲಸಿ ಹೋಗಿರುತ್ತೆ, ನಿನ್ನೆಯದೋ ಇವತ್ತಿನದೋ ಗೊತ್ತಾಗಲ್ಲ, ಹಾಗಾಗಿ ಇವತ್ತಿಗೆ ಅಂತಲೇ ಒಂದು ಗುರುತು ಹಾಕಿ, "ಗುರುವಾರ, ಲಾಕ್ ಆಯ್ತು" ಅಂದು ಹೊರಡಿ.

ಮುಖ ಮತ್ತು ಹೆಸರಿಗೂ ಒಂದು ಮಾತು. ಹೊಸಬರನ್ನ ನೋಡಿದಾಗ ನಾಚಿಕೆಗೋ ಅವಸರಕ್ಕೋ ನಾವು ಮುಖವನ್ನ ಸರಿಯಾಗಿ ನೋಡೋದೇ ಇಲ್ಲ. 2005ರಲ್ಲಿ ಹೆಂಡರ್ಸನ್ ಮತ್ತು ಜೊತೆಯವರು ಮಾಡಿದ ಪ್ರಯೋಗದಲ್ಲಿ, ಮುಖ ಕಲಿಯುವಾಗ ಕಣ್ಣು ಓಡಾಡಿಸೋಕೆ ಬಿಟ್ಟವರು ಆಮೇಲೆ ಚೆನ್ನಾಗಿ ಗುರುತಿಸಿದ್ರು, ಒಂದೇ ಬಿಂದು ಮೇಲೆ ಕಣ್ಣಿಡಿ ಅಂತ ಕಟ್ಟಿ ಹಾಕಿದವರು ಗುರುತಿಸೋದ್ರಲ್ಲಿ ಹಿಂದೆ ಬಿದ್ರು. ಹಾಗಾಗಿ ಮಾತಾಡ್ತಾ ಹುಬ್ಬು, ಕಣ್ಣು, ಮೂಗು, ಬಾಯಿ, ಕೂದಲಂಚು ಒಂದು ಸುತ್ತು ಬನ್ನಿ (ದುರುಗುಟ್ಟಿ ಅಲ್ಲ ಮತ್ತೆ!), ಹೆಸರು ಕೇಳಿಸ್ಕೊಂಡ ಮೇಲೆ ಅವರ ಹೆಸರು ಹಿಡಿದೇ ಒಂದು ಪ್ರಶ್ನೆ ಕೇಳಿ. ಹೆಸರು ಸರಿಯಾಗಿ ಕೇಳಿಸ್ಲಿಲ್ಲ ಅಂದ್ರೆ ಆಗಲೇ ಕೇಳಿ, ಮೂರನೇ ಭೇಟಿಯಲ್ಲಿ ಕೇಳೋದು ಇನ್ನೂ ಕಷ್ಟ.

5. ಓದುವಾಗ ಕಣ್ಣಿನ ಜೊತೆ ಮನಸ್ಸು ಇದೆಯಾ ಅಂತ ಹಿಡಿಯೋದು ಕಲೀರಿ

ಓದುವಾಗ ಕಣ್ಣು ಸಾಲಿನ ಮೇಲೆ ನೀರು ಹರಿದಂಗೆ ಹರಿಯುತ್ತೆ ಅಂತ ನಮಗೆ ಅನ್ಸುತ್ತೆ, ಹಾಗಿಲ್ಲ ಅಂತ 19ನೇ ಶತಮಾನದ ಕೊನೆಯಲ್ಲೇ ಫ್ರಾನ್ಸಿನ ಕಣ್ಣಿನ ಡಾಕ್ಟರ್ ಎಮಿಲ್ ಜಾವಾಲ್ ಅವರ ಪ್ರಯೋಗಶಾಲೆಯಲ್ಲಿ ಗೊತ್ತಾಗಿತ್ತು. ಕಣ್ಣು ಒಂದು ಕಡೆ ಸುಮಾರು 200ರಿಂದ 250 ಮಿಲಿಸೆಕೆಂಡ್ ನಿಲ್ಲುತ್ತೆ, ಜಿಗಿಯುತ್ತೆ, ಮತ್ತೆ ನಿಲ್ಲುತ್ತೆ. ಕಷ್ಟದ ಪದ, ಅಪರೂಪದ ಪದ ಬಂದ್ರೆ ಜಾಸ್ತಿ ಹೊತ್ತು ನಿಲ್ಲುತ್ತೆ. ಇಂಗ್ಲಿಷ್ ಓದುಗರನ್ನ ಅಳೆದಾಗ ಹತ್ತರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಜಿಗಿತಗಳು ಮುಂದಕ್ಕಲ್ಲ, ಹಿಂದಕ್ಕೆ! ಅರ್ಥ ಆಗದಿದ್ದನ್ನ ಕಣ್ಣು ತಾನಾಗೇ ಹಿಂದೆ ಹೋಗಿ ಮತ್ತೆ ನೋಡ್ಕೊಂಡು ಬರುತ್ತೆ.

ಇನ್ನು ಮನಸ್ಸು ಎಲ್ಲೋ ಹೋಗಿ ಕಣ್ಣು ಮಾತ್ರ ಓದ್ತಾ ಇರೋ ಸ್ಥಿತಿ ಎಲ್ಲರಿಗೂ ಗೊತ್ತಿರೋದೇ, ಪುಟ ಮುಗಿದಿರುತ್ತೆ, ಏನು ಓದಿದೆ ಅಂದ್ರೆ ಸೊನ್ನೆ. ಆ ಹೊತ್ತಲ್ಲಿ ಕಣ್ಣಿನ ಚಲನೆ ಅಳೆದು ನೋಡಿದ್ರೆ ಕಣ್ಣು ಓಡ್ತಾನೇ ಇರುತ್ತೆ, ಆದ್ರೆ ಕಷ್ಟದ ಪದಕ್ಕೂ ಸುಲಭದ ಪದಕ್ಕೂ ಹೆಚ್ಚುಕಮ್ಮಿ ಒಂದೇ ಥರ ನಿಂತು ಹೋಗಿರುತ್ತೆ. ನಿಮ್ಮ ಹತ್ರ ಕಣ್ಣು ಅಳೆಯೋ ಯಂತ್ರ ಇಲ್ಲ, ಇದನ್ನ ಹಿಡಿಯೋಕೆ ಹೀಗೆ ಮಾಡಿ.

ಓದೋ ಮೊದ್ಲು ತಲೆಬರಹ ನೋಡಿ ಒಂದು ಪ್ರಶ್ನೆ ಬರೆದಿಡಿ. ಒಂದು ಪುಟ ಓದಿ, ಪುಸ್ತಕ ಮುಚ್ಚಿ. ಮುಚ್ಚಿ ಅಂದ್ರೆ ನಿಜವಾಗ್ಲೂ ಮುಚ್ಚಿ, ಬೆರಳಿಟ್ಟು ಅರ್ಧ ತೆರೆದಿಟ್ಕೊಳ್ಳೋದಲ್ಲ. ಗೋಡೆ ನೋಡ್ತಾ ಏನು ಓದಿದೆ ಅಂತ ಮೂರು ವಾಕ್ಯ ಹೇಳಿ. ಬಂತಾ, ಮುಂದೆ ಹೋಗಿ. ಬರಲಿಲ್ವಾ, ಕಣ್ಣು ಒಂಟಿಯಾಗಿ ಓದಿದೆ, ವಾಪಸ್ ಹೋಗಿ. ಮೊದಮೊದಲು ಪುಟಕ್ಕೊಂದು ಸಲ ಮಾಡಿ, ಅಭ್ಯಾಸ ಆದ್ಮೇಲೆ ಒಂದು ಅಧ್ಯಾಯಕ್ಕೆ ಒಂದು ಸಲ.

ಹೈಲೈಟರ್ ಹಿಡ್ಕೊಂಡು ಐದು ಸಲ ಓದೋರಿಗೆ ಇದು ಇಷ್ಟ ಆಗಲ್ಲ, ಯಾಕಂದ್ರೆ ಮತ್ತೆ ಮತ್ತೆ ಓದಿದಾಗ "ಎಲ್ಲಾ ಗೊತ್ತಿದೆ" ಅನ್ನೋ ಭಾವನೆ ಬರುತ್ತೆ, ಮುಚ್ಚಿ ಹೇಳೋಕೆ ಹೋದ್ರೆ ಏನೂ ಗೊತ್ತಿಲ್ಲ ಅನ್ಸುತ್ತೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಮಾಡಿದ ಪ್ರಯೋಗದಲ್ಲಿ ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ರು, ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿಟ್ಟು ನೆನಪು ಮಾಡ್ಕೊಂಡವರು ಮುಂದೆ ಬಂದ್ರು. ಪರೀಕ್ಷೆ ಐದು ನಿಮಿಷದಲ್ಲಿದ್ರೆ ಸುಮ್ನೆ ಓದಿ, ಮುಂದಿನ ವಾರ ಇದ್ರೆ ಮುಚ್ಚಿ ಹೇಳಿ.

ಸ್ಪೀಡ್ ರೀಡಿಂಗ್ ಕೋರ್ಸ್ ಬಗ್ಗೆ ಕೇಳೋರು ಇದ್ದೇ ಇರ್ತಾರೆ. ಕಣ್ಣನ್ನ ಹಿಂದಕ್ಕೆ ಹೋಗೋಕೆ ಬಿಡಬೇಡಿ, ಒಂದೇ ನೋಟಕ್ಕೆ ಇಡೀ ಸಾಲು ಓದಿ ಅಂತೆಲ್ಲಾ ಹೇಳಿಕೊಡ್ತಾರೆ. ಮೊದಲನೇ ಹಂತದ ಹೆಬ್ಬೆರಳಿನ ಉಗುರು ನೆನಪಿಸ್ಕೊಳ್ಳಿ, ಇಡೀ ಸಾಲು ಆ ಉಗುರಲ್ಲಿ ಹಿಡಿಸಲ್ಲ. 2016ರಲ್ಲಿ ಕೀತ್ ರೇನರ್ ಮತ್ತು ಜೊತೆಯವರ ದೊಡ್ಡ ವಿಮರ್ಶೆ ಬಂತು, ವೇಗ ಏರಿಸಿದ್ರೆ ಅರ್ಥ ಆಗೋದು ಇಳಿಯುತ್ತೆ ಅಂತಲೇ ಅದರ ತೀರ್ಮಾನ. ಬೇಗ ಓದೋರು ಆ ವಿಷಯದ ಪದಗಳು ಮೊದಲೇ ಗೊತ್ತಿರೋದ್ರಿಂದ ಬೇಗ ಓದ್ತಾರೆ. ಕಣ್ಣಿನ ಕಸರತ್ತಿಗೆ ದುಡ್ಡು ಕೊಡ್ಬೇಡಿ.

6. ನೆನಪು ಬರ್ತಿಲ್ಲ ಅಂದಾಗ ಕಣ್ಣು ಬೇರೆ ಕಡೆ ತಿರುಗಿಸಿ

ಕಷ್ಟದ ಪ್ರಶ್ನೆ ಕೇಳಿದಾಗ ಮಕ್ಕಳು ಮೇಲೆ ಕೆಳಗೆ ನೋಡ್ತಾರಲ್ಲ, "ನನ್ನ ಮುಖ ನೋಡಿ ಹೇಳು" ಅಂತ ಗದರಿಸ್ತೀವಿ. ಗದರಿಸಬೇಡಿ. ಎದುರಿಗಿನ ಮುಖ ನೋಡೋದೂ ಮೆದುಳಿಗೆ ಒಂದು ಕೆಲಸ, ಅದನ್ನ ಕಮ್ಮಿ ಮಾಡಿದ್ರೆ ಹುಡುಕೋಕೆ ಜಾಗ ಸಿಗುತ್ತೆ. 1998ರಲ್ಲಿ ಗ್ಲೆನ್‌ಬರ್ಗ್ ಮತ್ತು ಜೊತೆಯವರು ಪ್ರಶ್ನೆ ಕಷ್ಟ ಆದಷ್ಟೂ ಜನ ಕಣ್ಣು ಆಚೆ ತಿರುಗಿಸ್ತಾರೆ, ಹಾಗೆ ಮಾಡಿದ್ರೆ ಉತ್ತರವೂ ಚೆನ್ನಾಗಿ ಬರುತ್ತೆ ಅಂತ ತೋರಿಸಿದ್ರು. ಕಣ್ಣು ಮುಚ್ಕೊಂಡ್ರೂ ಇದೇ ಲಾಭ, ಸಾಕ್ಷಿಗಳು ನೋಡಿದ್ದನ್ನ ನೆನಪಿಸ್ಕೊಳ್ಳೋ ಪ್ರಯೋಗಗಳಲ್ಲಿ ಇದು ಹಲವು ಸಲ ಕಂಡಿದೆ.

ಇನ್ನೊಂದು ಟ್ರಿಕ್ ಇದೆ. ಯಾವ್ದೋ ವಿಷಯ ಬೋರ್ಡಿನ ಎಡಗಡೆ ಮೂಲೆಯಲ್ಲಿತ್ತು ಅಂತ ಗೊತ್ತಿದ್ರೆ ಖಾಲಿ ಗೋಡೆಯ ಎಡಗಡೆ ಮೂಲೆ ನೋಡ್ತಾ ಯೋಚ್ನೆ ಮಾಡಿ. ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಯೋಹಾನ್ಸನ್ ಅನ್ನೋ ಇಬ್ಬರು (ಹೌದು, ಇಬ್ಬರದೂ ಅದೇ ಸರ್‌ನೇಮ್) 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಸ್ತು ಮೊದಲು ಇದ್ದ ಖಾಲಿ ಜಾಗವನ್ನ ನೋಡ್ತಾ ಉತ್ತರ ಕೊಟ್ಟವರು ಬೇರೆ ಕಡೆ ನೋಡ್ತಾ ಕೊಟ್ಟವರಿಗಿಂತ ಚೆನ್ನಾಗಿ ನೆನಪಿಸ್ಕೊಂಡ್ರು. ಇದಕ್ಕೆ ಮೆದುಳಲ್ಲೂ ಕಾರಣ ಇರೋ ಹಾಗಿದೆ, ಹಿಪ್ಪೊಕ್ಯಾಂಪಸ್ ಅನ್ನೋ ಭಾಗ ಹೊಸ ನೆನಪು ಕಟ್ಟೋ ಮುಖ್ಯ ಜಾಗ, ಅದರ ಪಕ್ಕದ ಪದರದಲ್ಲಿ ಕೋತಿಗಳ ನೋಟ ಎಲ್ಲಿದೆ ಅಂತ ನಕ್ಷೆ ಹಾಕೋ ನರಕೋಶಗಳು ಸಿಕ್ಕಿವೆ, 2012ರ ಸಂಶೋಧನೆ. ನಾವು ನಡೆದಾಡಿದ ಜಾಗಕ್ಕೆ ನಕ್ಷೆ ಹಾಕೋ ಹಾಗೆ ಕಣ್ಣು ಓಡಾಡಿದ ಜಾಗಕ್ಕೂ ಅಲ್ಲಿ ನಕ್ಷೆ ಇದೆ.

ಆದ್ರೆ ಒಂದು ಎಚ್ಚರಿಕೆ. ಕಣ್ಣನ್ನ ಅರ್ಧ ನಿಮಿಷ ಎಡ ಬಲ ಎಡ ಬಲ ಆಡಿಸಿದ್ರೆ ನೆನಪು ಜಾಸ್ತಿ ಆಗುತ್ತೆ ಅಂತ ವಿಡಿಯೋಗಳು ಓಡಾಡ್ತಿರುತ್ತೆ. 2003ರಲ್ಲಿ ಅಂಥ ಒಂದು ವರದಿ ಬಂದಿದ್ದು ನಿಜ. 2015ರಲ್ಲಿ ಇದನ್ನ ನಂಬೋರು, ನಂಬದೇ ಇರೋರು ಇಬ್ಬರೂ ಒಟ್ಟಿಗೆ ಕೂತು, ಮೊದಲೇ ನಿಯಮ ಬರೆದಿಟ್ಟು ಮಾಡಿದ ಪ್ರಯೋಗದಲ್ಲಿ ಅಂಥ ಪರಿಣಾಮ ಏನೂ ಸಿಗಲಿಲ್ಲ. ನಾನಂತೂ ಮಾಡಲ್ಲ.

7. ಫೋಟೋ ತೆಗೀರಿ, ಆದ್ರೆ ಹತ್ರದಿಂದ ತೆಗೀರಿ

2014ರಲ್ಲಿ ಲಿಂಡಾ ಹೆಂಕೆಲ್ ಮ್ಯೂಸಿಯಂ ಒಂದರಲ್ಲಿ ಜನಕ್ಕೆ ಕೆಲವು ವಸ್ತು ಬರೀ ನೋಡಿ, ಕೆಲವನ್ನ ಫೋಟೋ ತೆಗೀರಿ ಅಂದ್ರು. ಫೋಟೋ ತೆಗೆದ ವಸ್ತುಗಳೇ ಕಮ್ಮಿ ನೆನಪಿದ್ವು. ಆದ್ರೆ ವಸ್ತುವಿನ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದಾಗ ನೆನಪು ಇಳೀಲಿಲ್ಲ, ಝೂಮ್ ಮಾಡ್ಬೇಕಂದ್ರೆ ಯಾವ ಭಾಗ ಅಂತ ನೋಡಿ ಆರಿಸ್ಬೇಕಲ್ಲ. ಮೊದ್ಲು ಕಣ್ಣಲ್ಲಿ ನೋಡಿ, ಆಮೇಲೆ ಒಂದೇ ಒಂದು ಫೋಟೋ, ಸಾಕು.

8. ಮನೆಯಲ್ಲಿ ಮಗು ಇದ್ರೆ: ವಯಸ್ಸು ನೋಡಿ ನಿರೀಕ್ಷೆ ಇಡಿ

ಮೇಲೆ ಹೇಳಿದ್ದೆಲ್ಲಾ ದೊಡ್ಡವರ ಮೆದುಳಿಗೆ. ಮಕ್ಕಳ ಮೆದುಳು ಪುಟ್ಟ ಸೈಜಿನ ದೊಡ್ಡವರ ಮೆದುಳಲ್ಲ, ಇನ್ನೂ ಕಟ್ಟಡ ಏಳ್ತಾ ಇರುತ್ತೆ, ಇದು ಗೊತ್ತಿಲ್ದೇ ಎಷ್ಟು ಮಕ್ಕಳು "ಗಮನ ಇಲ್ಲ, ತಲೆ ಇಲ್ಲ" ಅಂತ ಬೈಸ್ಕೊಳ್ತಾವೋ.

ಹುಟ್ಟಿದ ಕೂಸಿಗೆ ಏನು ನೆನಪಿರುತ್ತೆ ಅಂತ ಕೇಳೋಕಾಗಲ್ಲ, ಹಾಗಾಗಿ ವಿಜ್ಞಾನಿಗಳು ಕಣ್ಣನ್ನೇ ಕೇಳಿದ್ರು. 1964ರಲ್ಲಿ ರಾಬರ್ಟ್ ಫಾಂಟ್ಸ್ ಕೂಸುಗಳಿಗೆ ಒಂದೇ ಚಿತ್ರ ಮತ್ತೆ ಮತ್ತೆ ತೋರಿಸ್ತಾ, ಪಕ್ಕದಲ್ಲಿ ಪ್ರತಿ ಸಲ ಹೊಸದೊಂದು ಇಟ್ರು. ಎರಡು ತಿಂಗಳು ದಾಟಿದ ಕೂಸುಗಳು ಹಳೇದನ್ನ ಬಿಟ್ಟು ಹೊಸದನ್ನ ಜಾಸ್ತಿ ನೋಡ್ತಾ ಹೋದ್ವು. ಹಳೇದು ಹಳೇದು ಅಂತ ಗೊತ್ತಾಗ್ಬೇಕಂದ್ರೆ ನೆನಪಿರ್ಬೇಕು ತಾನೇ. ಕ್ಯಾರೊಲಿನ್ ರೋವೀ-ಕಾಲಿಯರ್ ಅನ್ನೋರು ತೊಟ್ಟಿಲ ಮೇಲೆ ತೂಗೋ ಆಟಿಕೆಗೆ ರಿಬ್ಬನ್ ಕಟ್ಟಿ ಅದರ ಇನ್ನೊಂದು ತುದಿಯನ್ನ ಕೂಸಿನ ಕಾಲಿಗೆ ಕಟ್ಟಿದ್ರು, ಒದ್ರೆ ಆಟಿಕೆ ಕುಣಿಯುತ್ತೆ ಅಂತ ಕಲಿತ 3 ತಿಂಗಳ ಕೂಸು ಸುಮಾರು ಒಂದು ವಾರ, 6 ತಿಂಗಳ ಕೂಸು ಸುಮಾರು ಎರಡು ವಾರ ಅದನ್ನ ನೆನಪಿಟ್ಕೊಳ್ತು.

ಹಾಗಿದ್ರೆ ಆ ವಯಸ್ಸಿನ ನೆನಪು ನಮಗ್ಯಾಕಿಲ್ಲ? ಬಹುತೇಕರ ಮೊದಲ ನೆನಪು ಮೂರು, ಮೂರೂವರೆ ವರ್ಷದ್ದು. ಕಾರಣ ಒಂದೇ ಅಲ್ಲ. ಹಿಪ್ಪೊಕ್ಯಾಂಪಸ್ ಆಗಿನ್ನೂ ಬಲಿತಿರಲ್ಲ. 2014ರಲ್ಲಿ ಇಲಿಗಳ ಮೇಲೆ ಮಾಡಿದ ಸಂಶೋಧನೆಯಲ್ಲಿ, ಎಳೆಯ ವಯಸ್ಸಲ್ಲಿ ಅಲ್ಲಿ ಹೊಸ ನರಕೋಶಗಳು ರಾಶಿ ರಾಶಿ ಹುಟ್ಟೋದೇ ಹಳೇ ನೆನಪು ಅಳಿಸೋಕೆ ಒಂದು ಕಾರಣ ಅಂತ ಕಂಡಿತು, ಮನೆ ರಿಪೇರಿ ನಡೀತಿರುವಾಗ ಇಟ್ಟ ಸಾಮಾನು ಸಿಗದೇ ಇರೋ ಹಾಗೆ. ಭಾಷೆನೂ ಒಂದು ಕಾರಣ. 2002ರಲ್ಲಿ ಸಿಮ್‌ಕಾಕ್ ಮತ್ತು ಹೇಯ್ನ್ ಪುಟ್ಟ ಮಕ್ಕಳಿಗೆ, ಆಟಿಕೆ ಹಾಕಿದ್ರೆ ಅದು ಕುಗ್ಗಿ ಚಿಕ್ಕದಾಗಿ ಹೊರಬರೋ ಒಂದು "ಮ್ಯಾಜಿಕ್" ಮಷೀನ್ ತೋರಿಸಿದ್ರು. ತಿಂಗಳುಗಳು ಕಳೆದು ಕೇಳಿದಾಗ, ಮೊದಲ ಸಲ ನೋಡಿದಾಗ ಗೊತ್ತಿರದಿದ್ದ ಪದಗಳನ್ನ ಮಕ್ಕಳು ಆಮೇಲೆ ಕಲಿತಿದ್ರೂ ಆ ಘಟನೆ ಹೇಳೋಕೆ ಬಳಸಲಿಲ್ಲ.

ಇಲ್ಲಿಂದ ಮಾಡಬಹುದಾದ್ದು ಏನು? ಮಗು ಜೊತೆ ನಡೆದಿದ್ದನ್ನ ಮಾತಾಡಿ. "ಇವತ್ತು ಪಾರ್ಕಿಗೆ ಹೋಗಿದ್ವಾ, ಹೌದಾ" ಅಂದ್ರೆ ಮಗು ಹೂಂ ಅನ್ನುತ್ತೆ, ಅಲ್ಲಿಗೆ ಮುಗೀತು. "ಪಾರ್ಕಲ್ಲಿ ಯಾರು ಸಿಕ್ಕಿದ್ರು, ಆ ನಾಯಿ ಏನು ಮಾಡ್ತು, ಆಮೇಲೆ ನೀನು ಯಾಕೆ ಓಡಿದೆ" ಅಂತ ಬಿಡಿಸಿ ಕೇಳಿ, ಮಗು ಒಂದು ಪದ ಹೇಳಿದ್ರೆ ನೀವು ಒಂದು ಸೇರಿಸಿ. ಹೀಗೆ ಎಳೆ ಎಳೆಯಾಗಿ ಮಾತಾಡೋ ಅಪ್ಪ ಅಮ್ಮನ ಮಕ್ಕಳು ಮುಂದೆ ತಮ್ಮ ಅನುಭವಗಳನ್ನ ಹೆಚ್ಚು ವಿವರವಾಗಿ ನೆನಪಿಟ್ಟು ಹೇಳ್ತಾರೆ ಅಂತ ಹಲವು ವರ್ಷಗಳ ಅಧ್ಯಯನಗಳು ಹೇಳ್ತವೆ.

ನಾಲ್ಕೈದು ವರ್ಷದ ಮಗುಗೆ "ಸರಿಯಾಗಿ ನೋಡು" ಅಂದ್ರೆ ಅದಕ್ಕೆ ಹೇಗೆ ನೋಡ್ಬೇಕು ಅಂತ ಗೊತ್ತಿರಲ್ಲ. 1968ರಲ್ಲಿ ಫ್ರಾನ್ಸಿನ ಎಲಿಯಾನ್ ವುರ್ಪಿಯೋ ಅವರು ಆರಾರು ಕಿಟಕಿ ಇರೋ ಎರಡು ಮನೆಗಳ ಚಿತ್ರ ಕೊಟ್ಟು ಎರಡೂ ಒಂದೇ ಥರ ಇದೆಯಾ ಅಂತ ಕೇಳಿ ಮಕ್ಕಳ ಕಣ್ಣನ್ನ ಚಿತ್ರೀಕರಿಸಿದ್ರು. ಚಿಕ್ಕ ಮಕ್ಕಳು ಎರಡು ಮೂರು ಕಿಟಕಿ ನೋಡಿ "ಒಂದೇ" ಅಂದುಬಿಟ್ರು, ದೊಡ್ಡ ಮಕ್ಕಳು ಈ ಕಿಟಕಿ, ಆ ಕಿಟಕಿ ಅಂತ ಜೋಡಿ ಜೋಡಿಯಾಗಿ ನೋಡ್ಕೊಂಡು ಹೋದ್ರು. ಹಾಗಾಗಿ ಚಿಕ್ಕವರಿಗೆ ನೋಡೋದನ್ನೇ ಕಲಿಸ್ಬೇಕು, ಬೆರಳಿಟ್ಟು "ಮೊದ್ಲು ಇದು, ಈಗ ಆ ಕಡೆಯದು" ಅಂತ.

ನೆನಪಿಡೋ ಉಪಾಯನೂ ಹಾಗೇ, ತಾನಾಗಿ ಬರಲ್ಲ. 1966ರಲ್ಲಿ ಫ್ಲಾವೆಲ್ ಅವರು ಮಕ್ಕಳಿಗೆ ಚಿತ್ರಗಳನ್ನ ತೋರಿಸಿ ಸ್ವಲ್ಪ ಹೊತ್ತು ಕಾಯಿಸಿ, ಆ ಹೊತ್ತಲ್ಲಿ ತುಟಿ ಅಲ್ಲಾಡುತ್ತಾ ಅಂತ ನೋಡಿದ್ರು, 5 ವರ್ಷದ ಮಕ್ಕಳಲ್ಲಿ ಮನಸ್ಸಲ್ಲೇ ಹೇಳ್ಕೊಳ್ತಿದ್ದವರು ತೀರಾ ಕಮ್ಮಿ, 10 ವರ್ಷದವರಲ್ಲಿ ಬಹುತೇಕ ಎಲ್ಲರೂ. ಐದು ವರ್ಷದ ಮಗುಗೆ ಒಂದೇ ಉಸಿರಿಗೆ "ಶೂ ಇಡು, ಕೈ ತೊಳಿ, ಬ್ಯಾಗ್ ತಾ, ಲೈಟ್ ಆಫ್ ಮಾಡು" ಅಂದ್ರೆ ಕೊನೆಗೆ ಲೈಟ್ ಒಂದೇ ಆಫ್ ಆಗಿರುತ್ತೆ. ಒಂದು ಹೇಳಿ, ಮಗು ಅದನ್ನ ಬಾಯಲ್ಲಿ ಹೇಳಲಿ, ಮಾಡಲಿ, ಆಮೇಲೆ ಇನ್ನೊಂದು.

ಹದಿಹರೆಯದವರಿಗೆ ಒಂದೇ ಮಾತು. ಗಮನ ಹಿಡಿದಿಡೋ, ಅಡ್ಡ ಬಂದಿದ್ದನ್ನ ತಳ್ಳೋ ಕೆಲಸದಲ್ಲಿ ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್‌ದು ದೊಡ್ಡ ಪಾತ್ರ, ಅದು ಪೂರ್ತಿ ಬಲಿಯೋದು ಇಪ್ಪತ್ತೈದರ ಆಸುಪಾಸಿಗೆ. ಹದಿನೈದರ ಹುಡುಗ ಫೋನ್ ಪಕ್ಕದಲ್ಲಿಟ್ಕೊಂಡು ಮನೋಬಲದಿಂದ ಓದ್ತೀನಿ ಅಂದ್ರೆ ನಂಬಬೇಡಿ, ಫೋನನ್ನ ಬೇರೆ ರೂಮಲ್ಲಿಡಿ. ನಿಮ್ಮದನ್ನೂ ಅಲ್ಲೇ ಇಡಿ, ಇಲ್ಲಾಂದ್ರೆ ಬೋಧನೆ ನಡೆಯಲ್ಲ. ಮತ್ತೆ ರಾತ್ರಿ ನಿದ್ದೆಗೆಟ್ಟು ಓದಿಸಬೇಡಿ, ಹಗಲು ಒಳಗೆ ಹೋಗಿದ್ದು ಗಟ್ಟಿಯಾಗೋದೇ ನಿದ್ದೆಯಲ್ಲಿ.

9. ವಯಸ್ಸಾದವರಿಗೆ, ಮತ್ತೆ ಯಾವಾಗ ಡಾಕ್ಟರ್ ಹತ್ರ ಹೋಗ್ಬೇಕು

ವಯಸ್ಸಾದಂಗೆ ಬೇಡದ ಸದ್ದು, ಬೇಡದ ದೃಶ್ಯವನ್ನ ಪಕ್ಕಕ್ಕೆ ತಳ್ಳೋದು ಕಷ್ಟ ಆಗುತ್ತೆ. ಹಿರಿಯರಿಗೆ ಮುಖ್ಯವಾದ್ದು ಹೇಳ್ಬೇಕಂದ್ರೆ ಟಿವಿ ಮ್ಯೂಟ್ ಮಾಡಿ, ಎದುರಿಗೆ ಕೂತು, ಒಂದೊಂದೇ ಹೇಳಿ. ಕನ್ನಡಕದ ಪವರ್, ಕಿವಿ ಎರಡೂ ಚೆಕ್ ಮಾಡ್ಸಿ, ಸರಿಯಾಗಿ ಕಾಣದ, ಕೇಳದ ವಿಷಯ ನೆನಪಿಗೆ ಹೋಗೋದಾದ್ರೂ ಹೇಗೆ.

ಕೀ ಎಲ್ಲಿಟ್ಟೆ ಅಂತ ಮರೆಯೋದು ಮಾಮೂಲಿ, ಕೀ ಕೈಯಲ್ಲಿ ಹಿಡಿದು ಇದನ್ನ ಏನು ಮಾಡ್ಬೇಕು ಅಂತ ಗೊತ್ತಾಗದೇ ಇರೋದು ಮಾಮೂಲಿ ಅಲ್ಲ. ದಿನಾ ಓಡಾಡೋ ದಾರಿ ತಪ್ಪೋದು, ಕೇಳಿದ ಪ್ರಶ್ನೆನೇ ಹತ್ತು ನಿಮಿಷದಲ್ಲಿ ಮತ್ತೆ ಮತ್ತೆ ಕೇಳೋದು, ಮೊದ್ಲು ಸಲೀಸಾಗಿ ಮಾಡ್ತಿದ್ದ ಲೆಕ್ಕ, ಅಡುಗೆ ಇದ್ದಕ್ಕಿದ್ದಂಗೆ ಕೈಗೆ ಹತ್ತದೇ ಇರೋದು, ಇಂಥದ್ದು ಕಂಡ್ರೆ ಗಮನದ ಟಿಪ್ಸ್ ಓದ್ತಾ ಕೂರಬೇಡಿ, ಡಾಕ್ಟರ್‌ಗೆ ತೋರಿಸಿ. ಹೋಗುವಾಗ ಆ ಎರಡು ಸಾಲಿನ ಡೈರಿ ಜೊತೆಗಿರಲಿ, "ಯಾವಾಗಿಂದ, ಎಷ್ಟು ಸಲ, ಯಾವ ಥರದ ಮರೆವು" ಅಂತ ಅವರು ಮೊದಲು ಕೇಳೋದೇ ಅದನ್ನ, ಅಲ್ಲಿ ಕೂತಾಗ ನಮಗೆ ಅದೊಂದು ನೆನಪಾಗಲ್ಲ.